ಜೋಡಿ ಒಡೆಯದಿರಲಿ: ಮನೆಯಲ್ಲಿಯೇ ಕಂಪ್ಯೂಟರ್ ಕೇಬಲ್ ಕಟ್ಟುವ ಕೆಲಸ

(ನ್ಯೂಯಾರ್ಕ್-ನ್ಯೂಜೆರ್ಸಿ ವಲಯದ ಕನ್ನಡ ಕುಟುಂಬಗಳ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ತಾವು ಕುಮಾರವ್ಯಾಸನನ್ನು ಕುರಿತು, ವಚನಗಳನ್ನು ಕುರಿತು, ಹೊಯ್ಸಳರ ಶಿಲ್ಪಕಲೆಯನ್ನು ಕುರಿತು ವಿದ್ವಾಂಸರ ಮಾತುಗಳನ್ನು ಕೇಳಿದ್ದೀರಿ. ನಾವು ಆ ಪಂಕ್ತಿಗೆ ಸೇರಿದವರಲ್ಲ. ಸಮಿತಿಯವರು ದೂರವಾಣಿಯಲ್ಲಿ ವಿಷಯವೇನೆಂದು ಕೇಳಿದಾಗ, “ಮನೆಯಲ್ಲಿಯೇ ಕಂಪ್ಯೂಟರ್ ಕೇಬಲ್ ಕಟ್ಟುವುದು ಹೇಗೆ” ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಕೇಬಲ್ ಕಡಿದುಹೋಗಿರಬೇಕೆಂದು ಭಾವಿಸಿದೆವು. ಆದರೂ ಅವರು ಒಪ್ಪಿ ಅವಕಾಶವಿತ್ತಿದ್ದಾರೆ. ಅವರಿಗೆ ನಮ್ಮ ಕೃತಜ್ಞತೆಗಳು.

ಇಲ್ಲಿ ನೆರೆದಿರುವವರಲ್ಲಿ ಅರ್ಧದಷ್ಟು ಜನ ಕಂಪ್ಯೂಟರಿನ ಕೆಲಸದಿಂದಲೇ ಈ ನಾಡಿಗೆ ಬಂದವರು. ನಾವೂ ಹಾಗೆಯೇ. ಎರಡು ದಶಕಗಳ ಕಾಲ ಜಾಲಗಳ ಮೇಲೆ ಓಡುವ ತಂತ್ರಾಂಶವನ್ನು ಬರೆದೆವು. ಆದರೆ ಆ ತಂತ್ರಾಂಶವನ್ನು ಹೊತ್ತೊಯ್ಯುವ ತಂತಿಯನ್ನು ಒಮ್ಮೆಯೂ ಸುಲಿದು ನೋಡಿರಲಿಲ್ಲ. ಅದನ್ನು ನೋಡುವಂತೆ ಮಾಡಿದ ಪ್ರಸಂಗವನ್ನು ಮೊದಲು ನಿವೇದಿಸಿಕೊಂಡು, ಅನಂತರ ವಿಷಯಕ್ಕೆ ಬರುತ್ತೇವೆ.

2020ರ ಮಾರ್ಚ್ ತಿಂಗಳನ್ನು ಯಾರೂ ಮರೆತಿರಲಾರರು. ನ್ಯೂಜೆರ್ಸಿಯಲ್ಲಿ ಮಾರ್ಚ್ 21ರಂದು ಮನೆಯಲ್ಲಿಯೇ ಇರಬೇಕೆಂಬ ಆಜ್ಞೆ ಹೊರಟಿತು. ಅದೇ ವಾರ ಭಾರತಕ್ಕೆ ವಿಮಾನಗಳೂ ನಿಂತುಹೋದವು. ಕಚೇರಿ, ಶಾಲೆ, ಸಂಗೀತದ ಪಾಠ ಎಲ್ಲವೂ ಮನೆಯೊಳಕ್ಕೆ ಬಂದವು. ಪ್ರತಿದಿನ ರಾತ್ರಿ ಎಂಟೂವರೆಗೆ, ಅಂದರೆ ಮೈಸೂರಿನ ಬೆಳಗಿನ ಆರು ಗಂಟೆಗೆ, ತಂದೆತಾಯಿಯರೊಡನೆ ಮಾತನಾಡುವುದು ನಮ್ಮ ಮನೆಯ ನಿಯಮವಾಯಿತು. ಮೇ ತಿಂಗಳಿನಲ್ಲಿ ನಮ್ಮ ತಂದೆಯವರು ಮೈಸೂರಿನಲ್ಲಿ ತೀರಿಕೊಂಡರು. ಹೋಗುವ ದಾರಿಯಿರಲಿಲ್ಲ. ಹದಿಮೂರನೆಯ ದಿನದ ಕಾರ್ಯವನ್ನಾದರೂ ತೆರೆಯ ಮೇಲೆ ನೋಡಬೇಕು, ಸಂಕಲ್ಪದಲ್ಲಿ ನಮ್ಮ ದನಿಯೂ ಸೇರಬೇಕು ಎಂದು ನಿಶ್ಚಯಿಸಿದೆವು.

ಮೈಸೂರಿನ ಬೆಳಗಿನ ಹತ್ತು ಗಂಟೆ ಎಂದರೆ ಇಲ್ಲಿ ನಡುರಾತ್ರಿ ಹನ್ನೆರಡೂವರೆ. ಮೇಲಿನ ಮಹಡಿಯಲ್ಲಿ ಮಕ್ಕಳು ಮಲಗಿರುತ್ತಾರೆ. ಆದ್ದರಿಂದ ಬೇಸ್‌ಮೆಂಟಿನಲ್ಲಿ ತಂದೆಯವರ ಭಾವಚಿತ್ರವನ್ನಿಟ್ಟು ಕುಳಿತುಕೊಳ್ಳುವ ವ್ಯವಸ್ಥೆ ಮಾಡಿದೆವು. ಅಲ್ಲಿಗೆ ವೈ-ಫೈ ಸರಿಯಾಗಿ ತಲುಪುತ್ತಿರಲಿಲ್ಲ. ಉದ್ದದ ಸಿದ್ಧ ಕೇಬಲ್ ತರಿಸಲು ಆ ದಿನಗಳಲ್ಲಿ ವಾರಗಟ್ಟಲೆ ಕಾಯಬೇಕಿತ್ತು. ಸ್ನೇಹಿತರೊಬ್ಬರು ತಮ್ಮಲ್ಲಿ ಉಳಿದಿದ್ದ ಅರ್ಧ ಪೆಟ್ಟಿಗೆ ಕೇಬಲನ್ನೂ, ಒಂದು ಹಿಡಿ ಪ್ಲಗ್ಗುಗಳನ್ನೂ, ಕ್ರಿಂಪಿಂಗ್ ಇಕ್ಕಳವನ್ನೂ, ಎಂಟು ದೀಪಗಳ ಪುಟ್ಟ ಪರೀಕ್ಷಕವನ್ನೂ ನಮ್ಮ ಮನೆಯ ಬಾಗಿಲಿನಲ್ಲಿಟ್ಟು ಹೋದರು.

ಸುಮಾರು ಎಪ್ಪತ್ತು ಅಡಿ ಕೇಬಲನ್ನು ಎಳೆದು, ಎರಡೂ ತುದಿಗಳನ್ನು ಸುಲಿದೆವು. ಒಳಗೆ ಎಂಟು ತಂತಿಗಳು, ನಾಲ್ಕು ಬಣ್ಣಗಳ ನಾಲ್ಕು ಜೋಡಿಗಳು. ಕಿತ್ತಳೆಯ ಪಕ್ಕ ಕಿತ್ತಳೆ, ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ, ಕಂದಿನ ಪಕ್ಕ ಕಂದು ಎಂದು ರಂಗೋಲಿಯ ಸಾಲಿನಂತೆ ಅಚ್ಚುಕಟ್ಟಾಗಿ ಜೋಡಿಸಿ, ಎರಡೂ ತುದಿಗಳಲ್ಲಿ ಅದೇ ಕ್ರಮವನ್ನು ಪಾಲಿಸಿ ಪ್ಲಗ್ಗುಗಳನ್ನು ಒತ್ತಿದೆವು. ಪರೀಕ್ಷಕದ ಎಂಟು ದೀಪಗಳೂ ಒಂದಾದ ಮೇಲೊಂದರಂತೆ ಬೆಳಗಿದವು. ಕಂಪ್ಯೂಟರಿನಲ್ಲಿ ದಿನಪತ್ರಿಕೆಯ ಪುಟವೂ ತೆರೆಯಿತು. ನಿಶ್ಚಿಂತೆಯಾಯಿತು.

ಆ ರಾತ್ರಿ ಕಾರ್ಯ ಆರಂಭವಾಯಿತು. ಅಣ್ಣ ದರ್ಭೆ ಹಿಡಿದು ಕುಳಿತದ್ದು ಕಾಣಿಸಿತು. ಪುರೋಹಿತರು ತೆರೆಯ ಕಡೆಗೆ ತಿರುಗಿ, “ಅಮೆರಿಕದಲ್ಲಿರುವ ಮಗ ಹೇಳಲಿ” ಎಂದರು. ಅಲ್ಲಿಗೆ ಚಿತ್ರ ನಿಂತಿತು. ಅಣ್ಣನ ಕೈ ಅರ್ಧಕ್ಕೆ ಎತ್ತಿದಂತೆಯೇ ಉಳಿಯಿತು. ಮಂತ್ರ ತುಂಡುತುಂಡಾಗಿ ಕೇಳಿ ಅಡಗಿತು. ಫೋನನ್ನು ಹಿಡಿದು ಮೇಲಕ್ಕೆ ಓಡಿ ಮತ್ತೆ ಸಂಪರ್ಕ ಪಡೆಯುವ ವೇಳೆಗೆ ಸಂಕಲ್ಪ ಮುಗಿದಿತ್ತು. ಅಣ್ಣ ನಮ್ಮ ಹೆಸರನ್ನೂ ತಾನೇ ಹೇಳಿ ಮುಗಿಸಿದ್ದ. ಯಾರೂ ಏನೂ ಅನ್ನಲಿಲ್ಲ. ತಾಯಿಯವರು ಮಾತ್ರ, “ಕಾಣಿಸ್ತಿದ್ರಿ, ಆಮೇಲೆ ಕಾಣಿಸ್ಲಿಲ್ಲ” ಎಂದರು.

ದೋಷ ಅಂತರಜಾಲದ್ದೆಂದು ನಾವು ಬಗೆದೆವು. ಸತ್ಯವನ್ನು ತೋರಿಸಿಕೊಟ್ಟವರು ನಮ್ಮ ಬೀದಿಯ ಒಬ್ಬ ಹಿರಿಯರು. ಬೆಂಗಳೂರಿನ ದೂರವಾಣಿನಗರದಲ್ಲಿ, 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಜೀವನವೆಲ್ಲ ದುಡಿದು ನಿವೃತ್ತರಾದವರು. ಮಗಳ ಮನೆಗೆಂದು ಬಂದು, ವಿಮಾನ ನಿಂತುದರಿಂದ ಇಲ್ಲಿಯೇ ಉಳಿದಿದ್ದರು. ಸಂತಾಪ ಸೂಚಿಸಲು ಬಂದವರು ಮುಖಗವಸು ಧರಿಸಿ ಅಂಗಳದಲ್ಲಿಯೇ ನಿಂತರು. ಮಾತಿನ ನಡುವೆ ಕೇಬಲ್ ವಿಷಯ ಬಂತು. ತರಿಸಿಕೊಂಡು, ಪಾರದರ್ಶಕವಾದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರು.

“ಜೋಡಿ ಒಡೆದಿದೆ ಕಣಪ್ಪಾ” ಎಂದರು.

“ಎಂಟು ದೀಪಾನೂ ಹತ್ತಿತ್ತಲ್ಲ ಸಾರ್” ಎಂದೆವು.

“ದೀಪ ಹತ್ತಿದ್ರೆ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆ ಅಂತ ಅಷ್ಟೆ. ಯಾವ ತಂತಿ ಯಾರ ಜೊತೆ ಹೋಯ್ತು ಅನ್ನೋದು ದೀಪಕ್ಕೆ ಹೇಗೆ ಗೊತ್ತಾಗ್ಬೇಕು?”

ಇಂದಿನ ನಮ್ಮ ಉಪನ್ಯಾಸವೆಲ್ಲ ಈ ಒಂದು ಮಾತಿನ ವ್ಯಾಖ್ಯಾನ.

ತಂತಿಗಳನ್ನು ಏಕೆ ಜೋಡಿಯಾಗಿ ಹುರಿಗೊಳಿಸುತ್ತಾರೆ? ದೂರವಾಣಿಯ ಮೊದಲ ದಿನಗಳಲ್ಲಿ ಒಂದೇ ತಂತಿಯನ್ನು ಎಳೆದು, ಮರಳುವ ದಾರಿಯಾಗಿ ಭೂಮಿಯನ್ನೇ ಬಳಸುತ್ತಿದ್ದರು. ಪಕ್ಕದ ತಂತಿಗಳ ಸದ್ದೆಲ್ಲ ಅದರೊಳಕ್ಕೆ ನುಗ್ಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಎರಡು ತಂತಿಗಳನ್ನು ಒಂದಕ್ಕೊಂದು ಸುತ್ತಿ ಒಯ್ಯುವ ಉಪಾಯಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಇದರ ತತ್ತ್ವ ಸರಳ. ಒಂದು ತಂತಿಯಲ್ಲಿ ಸಂಕೇತ ಏರಿದಾಗ ಜೊತೆಗಾರ ತಂತಿಯಲ್ಲಿ ಅಷ್ಟೇ ಇಳಿಯುತ್ತದೆ. ಆಚೆಯ ತುದಿಯ ಯಂತ್ರ ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದರೆ, ಕಳೆಯುವಾಗ ಅದು ತಾನೇ ಅಳಿಸಿಹೋಗುತ್ತದೆ.

ಸಮನಾಗಿ ಬೀಳುವುದು ಹೇಗೆ? ಬೇಸಿಗೆಯಲ್ಲಿ ಎತ್ತಿನ ಗಾಡಿಯ ಮೇಲೆ ಇಬ್ಬರು ಕುಳಿತು ದೂರ ಹೋಗುತ್ತಾರೆಂದು ಭಾವಿಸಿ. ಒಬ್ಬನ ಕಡೆಗೆ ಬಿಸಿಲು, ಇನ್ನೊಬ್ಬನ ಕಡೆಗೆ ನೆರಳು. ಫರ್ಲಾಂಗಿಗೊಮ್ಮೆ ಇಬ್ಬರೂ ಸ್ಥಳ ಬದಲಿಸಿಕೊಂಡರೆ ಊರು ಮುಟ್ಟುವ ಹೊತ್ತಿಗೆ ಇಬ್ಬರಿಗೂ ಬಿಸಿಲು ಸಮನಾಗಿ ತಗಲಿರುತ್ತದೆ. ಹುರಿಯ ಪ್ರತಿಯೊಂದು ಸುತ್ತೂ ಅಂತಹ ಸ್ಥಳಬದಲಾವಣೆ. ಇನ್ನೊಂದು ಸೂಕ್ಷ್ಮವಿದೆ. ನಾಲ್ಕು ಜೋಡಿಗಳನ್ನೂ ಒಂದೇ ಬಿಗಿಯಲ್ಲಿ ಹುರಿಗೊಳಿಸಿರುವುದಿಲ್ಲ. ಒಂದರ ಸುತ್ತು ದಟ್ಟ, ಇನ್ನೊಂದರದು ಸಡಿಲ. ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲೆಂದೇ ಹೀಗೆ ಮಾಡುತ್ತಾರೆ. ಕೇಬಲನ್ನು ಸುಲಿದಾಗ ಮಕ್ಕಳಿಗೆ ಇದನ್ನು ತೋರಿಸಿ, ಬರಿಗಣ್ಣಿಗೇ ಕಾಣುತ್ತದೆ.

ಈ ಹುರಿತಂತಿಯ ಮುಂದಿನ ಕಥೆಗೆ ನಾವು ವಾಸಿಸುವ ಈ ಪ್ರದೇಶದ ನಂಟಿದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಈಥರ್ನೆಟ್ ವಿಧಾನವನ್ನು 1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರೂಪಿಸಿದವರು ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್. ಮೆಟ್‌ಕಾಫ್ 1946ರಲ್ಲಿ ಜನಿಸಿದ್ದು ನಮ್ಮ ಬ್ರೂಕ್ಲಿನ್ನಿನಲ್ಲಿ. 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಅವರ ಮೊದಲ ಈಥರ್ನೆಟ್ ಓಡಿದ್ದು ಹುರಿತಂತಿಯ ಮೇಲಲ್ಲ. ಟೆಲಿವಿಷನ್ ತಂತಿಯಂತಹ ದಪ್ಪನೆಯ ಕೋಆಕ್ಸಿಯಲ್ ಕೇಬಲಿನ ಮೇಲೆ. ಎಲ್ಲ ಕಂಪ್ಯೂಟರುಗಳೂ ಆ ಒಂದೇ ಕೇಬಲಿಗೆ ಅಂಟಿಕೊಂಡಿರುತ್ತಿದ್ದವು. ಎಲ್ಲೋ ಒಂದು ಕಡೆ ಅದು ಕಡಿದರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು.

ಆದರೆ ಕಚೇರಿಗಳ ಗೋಡೆಯೊಳಗೆ ಆಗಲೇ ದೂರವಾಣಿಯ ಹುರಿತಂತಿ ಇತ್ತಲ್ಲ! ಅದನ್ನೇ ಏಕೆ ಬಳಸಬಾರದು ಎಂಬ ಯೋಚನೆ 1980ರ ದಶಕದಲ್ಲಿ ಫಲಿಸಿತು. ಎ.ಟಿ. ಅಂಡ್ ಟಿ. ಸಂಸ್ಥೆಯ ಸ್ಟಾರ್‌ಲ್ಯಾನ್ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹುರಿತಂತಿಯ ಮೇಲೆ ಓಡಿತು. 1990ರಲ್ಲಿ 10 ಮೆಗಾಬಿಟ್, 1995ರಲ್ಲಿ 100, 1999ರಲ್ಲಿ 1000 ಮೆಗಾಬಿಟ್ಟಿನ ಮಾನಕಗಳು ಬಂದವು. ನಾವು ಒತ್ತುವ ಪಾರದರ್ಶಕ ಪ್ಲಗ್ಗಿನ ವಂಶವೂ ಬೆಲ್ ಸಂಸ್ಥೆಯ ದೂರವಾಣಿಯದೇ. ಮರ‍್ರೆ ಹಿಲ್ ಮತ್ತು ಹೋಮ್‌ಡೆಲ್‌ಗಳಲ್ಲಿ ಬೆಲ್ ಪ್ರಯೋಗಾಲಯದ ಕಟ್ಟಡಗಳನ್ನು ನಾವೆಲ್ಲ ಕಾರಿನಲ್ಲಿ ಹಾದುಹೋಗಿದ್ದೇವೆ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಆ ಮರ‍್ರೆ ಹಿಲ್ಲಿನಲ್ಲಿಯೇ.

ಈಗ ನಮ್ಮ ತಪ್ಪಿಗೆ ಬರೋಣ. ದೂರವಾಣಿಯ ಪ್ಲಗ್ಗಿನಲ್ಲಿ ಮೊದಲ ಜೋಡಿ ನಟ್ಟನಡುವೆ ಕೂರುತ್ತದೆ. ಎರಡನೆಯ ಜೋಡಿ ಅದರ ಎರಡೂ ಪಕ್ಕಗಳಲ್ಲಿ, ದ್ವಾರಪಾಲಕರಂತೆ ನಿಲ್ಲುತ್ತದೆ. ಕಂಪ್ಯೂಟರ್ ಕೇಬಲಿನ ಮಾನಕವನ್ನು ರೂಪಿಸಿದವರು ಆ ಕ್ರಮವನ್ನು ಉಳಿಸಿಕೊಂಡರು. ಆದ್ದರಿಂದ ಎಂಟು ಸ್ಥಾನಗಳಲ್ಲಿ 4 ಮತ್ತು 5 ಒಂದು ಜೋಡಿ. 3 ಮತ್ತು 6 ಇನ್ನೊಂದು ಜೋಡಿ. 1-2 ಹಾಗೂ 7-8 ಮಾತ್ರ ಅಕ್ಕಪಕ್ಕದ ಜೋಡಿಗಳು. ನಾವು ಬಣ್ಣದ ಪಕ್ಕ ಬಣ್ಣವಿಟ್ಟು ಅಂದವಾಗಿ ಜೋಡಿಸಿದಾಗ 3ನೆಯ ಸ್ಥಾನಕ್ಕೆ ಹಸಿರು ಜೋಡಿಯ ಒಂದು ತಂತಿಯೂ, 6ನೆಯದಕ್ಕೆ ನೀಲಿ ಜೋಡಿಯ ಒಂದು ತಂತಿಯೂ ಬಂದವು. ಒಂದೇ ಸಂಕೇತದ ಎರಡು ಭಾಗಗಳು ಎಪ್ಪತ್ತು ಅಡಿಯುದ್ದಕ್ಕೂ ಬೇರೆ ಬೇರೆ ಹುರಿಗಳಲ್ಲಿ, ಪರರ ಜೊತೆಯಲ್ಲಿ ಸಾಗಿದವು. ಗದ್ದಲ ಇಬ್ಬರ ಮೇಲೂ ಸಮನಾಗಿ ಬೀಳಲಿಲ್ಲ. ಪಕ್ಕದ ಮಾತು ಒಳಕ್ಕೆ ನುಗ್ಗಿತು. ಸ್ವಲ್ಪವೇ ಮಾಹಿತಿ ಹರಿಯುವಾಗ ಯಂತ್ರಗಳು ಮತ್ತೆ ಮತ್ತೆ ಕೇಳಿ ಸರಿಪಡಿಸಿಕೊಳ್ಳುತ್ತವೆ. ಅದರಿಂದಲೇ ಪತ್ರಿಕೆಯ ಪುಟ ತೆರೆದಿತ್ತು. ಚಲಿಸುವ ಚಿತ್ರದ ಭಾರ ಬಿದ್ದಾಗ ಕೇಬಲ್ ಸೋತಿತು. ಇದನ್ನೇ ಬಲ್ಲವರು ಜೋಡಿ ಒಡೆಯುವುದು ಎನ್ನುತ್ತಾರೆ.

ಹಾಗಾದರೆ ಸರಿಯಾದ ಕ್ರಮವೇನು? ದಯವಿಟ್ಟು ಬರೆದುಕೊಳ್ಳಿ.

ಮೊದಲು ಕೇಬಲಿನ ಆಯ್ಕೆ. ಮನೆಗೆ ಕ್ಯಾಟಗರಿ 5ಇ ಅಥವಾ 6 ಸಾಕು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 1000 ಅಡಿ ಇರುತ್ತದೆ; ಎರಡು ಮೂರು ಮನೆಯವರು ಹಂಚಿಕೊಳ್ಳಬಹುದು. ಒಳಗಿನ ತಂತಿ ಶುದ್ಧ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯುಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲುಗಳು ಮಾನಕಕ್ಕೆ ಒಪ್ಪುವುದಿಲ್ಲ, ಬಾಗಿಸಿದಲ್ಲಿ ಮುರಿಯುತ್ತವೆ. ಮಹಡಿಯಿಂದ ಮಹಡಿಗೆ ಗೋಡೆಯೊಳಗೆ ಎಳೆಯುವುದಾದರೆ ಬೆಂಕಿ ಹರಡದಂತೆ ತಯಾರಿಸಿದ ರೈಸರ್ ದರ್ಜೆಯ ಕೇಬಲನ್ನೇ ಬಳಸಿ. ತಂತಿ ಗಟ್ಟಿ ಎಳೆಯದೋ, ಸಣ್ಣ ಎಳೆಗಳನ್ನು ಕೂಡಿಸಿದ್ದೋ ನೋಡಿಕೊಂಡು ಅದಕ್ಕೆ ಹೊಂದುವ ಪ್ಲಗ್ಗುಗಳನ್ನು ಕೊಳ್ಳಿ.

ತುದಿಯಿಂದ ಒಂದೂವರೆ ಅಂಗುಲದಷ್ಟು ಹೊರಕವಚವನ್ನು ಸುಲಿಯಿರಿ. ಅಲಗು ಒಳತಂತಿಗೆ ತಾಗಬಾರದು; ತಾಗಿದ್ದರೆ ತುದಿಯನ್ನು ಕತ್ತರಿಸಿ ಮತ್ತೆ ಆರಂಭಿಸಿ. ಜೋಡಿಗಳನ್ನು ಬಿಡಿಸಿ, ಬೆರಳಿನಿಂದ ತೀಡಿ ನೇರಮಾಡಿ. ಪ್ಲಗ್ಗಿನ ಕೊಕ್ಕೆ ಕೆಳಗೆ, ತಂತಿ ಹೊಗುವ ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದಾಗ ಎಡಗಡೆಯದು ಒಂದನೆಯ ಸ್ಥಾನ. ಅಲ್ಲಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ ಟಿ568ಬಿ ಎಂದು ಹೆಸರು. ಹಸಿರಿನ ಎರಡು ತಂತಿಗಳ ನಡುವೆ ನೀಲಿಯ ಜೋಡಿ ಕುಳಿತಿರುವುದನ್ನು ಗಮನಿಸಿ. ಕಣ್ಣಿಗೆ ಅಷ್ಟು ಅಂದವಲ್ಲ; ಆದರೆ ಅದೇ ಸರಿ. ಕಿತ್ತಳೆ ಮತ್ತು ಹಸಿರು ಅದಲುಬದಲಾದರೆ ಟಿ568ಎ. ಎರಡರಲ್ಲಿ ಯಾವುದಾದರೂ ಆಗಬಹುದು, ಎರಡೂ ತುದಿಗಳಲ್ಲಿ ಒಂದೇ ಇರಬೇಕು. ಹಿಂದೆ ಎರಡು ಕಂಪ್ಯೂಟರುಗಳನ್ನು ನೇರವಾಗಿ ಬೆಸೆಯಲು ಒಂದು ತುದಿಯಲ್ಲಿ ಎ, ಇನ್ನೊಂದರಲ್ಲಿ ಬಿ ಹಾಕುತ್ತಿದ್ದರು. ಈಗಿನ ಯಂತ್ರಗಳು ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ.

ಸಾಲನ್ನು ಬಿಗಿಯಾಗಿ ಹಿಡಿದು ತುದಿಗಳನ್ನು ಸಮನಾಗಿ ಕತ್ತರಿಸಿ. ಹುರಿ ಬಿಚ್ಚಿದ ಭಾಗ ಅರ್ಧ ಅಂಗುಲಕ್ಕಿಂತ ಹೆಚ್ಚಿರಬಾರದು. ಎಂಟೂ ತಂತಿಗಳು ಪ್ಲಗ್ಗಿನ ಕೊನೆ ಮುಟ್ಟುವವರೆಗೆ ತಳ್ಳಿ. ಹೊರಕವಚವೂ ಪ್ಲಗ್ಗಿನೊಳಕ್ಕೆ ಹೊಕ್ಕಿರಬೇಕು; ಎಳೆತವನ್ನು ತಡೆಯುವುದು ಅದೇ. ಬಣ್ಣಗಳನ್ನು ಮತ್ತೊಮ್ಮೆ ಓದಿ, ಇಕ್ಕಳವನ್ನು ಪೂರ್ತಿಯಾಗಿ ಒತ್ತಿ. ಪ್ಲಗ್ಗಿನ ಲೋಹದ ಹಲ್ಲುಗಳು ಕೆಳಗಿಳಿದು ತಂತಿಯನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ಪರೀಕ್ಷಕದ ದೀಪಗಳನ್ನು ನೋಡಿ. ಅದಕ್ಕೂ ಮಿಗಿಲಾಗಿ ಪ್ಲಗ್ಗನ್ನು ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡಿ. ಕೊನೆಗೆ ಒಂದು ದೊಡ್ಡ ಕಡತವನ್ನು ಸಾಗಿಸಿ, ವೇಗ ಕುಸಿಯುತ್ತದೆಯೇ ಪರೀಕ್ಷಿಸಿ.

ಎಳೆಯುವಾಗ ಕೆಲವು ಎಚ್ಚರಿಕೆಗಳು. ಒಟ್ಟು ಉದ್ದ 100 ಮೀಟರು ಮೀರಬಾರದು. ನಮ್ಮ ಮನೆಗಳಲ್ಲಿ ಅದು ಮೀರುವ ಭಯವಿಲ್ಲ. ಕೇಬಲನ್ನು ಮಡಿಸಬೇಡಿ, ಗಿಡುಗಿಡನೆ ಜಗ್ಗಬೇಡಿ, ಮೊಳೆಯಿಂದ ಅಪ್ಪಚ್ಚಿ ಮಾಡಬೇಡಿ. ವಿದ್ಯುತ್ ತಂತಿಯ ಪಕ್ಕದಲ್ಲಿ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಗೋಡೆಯನ್ನು ಕೊರೆಯುವ ಮೊದಲು ಹಿಂದೆ ಏನಿದೆಯೆಂದು ತಿಳಿಯಿರಿ. ಸಂದೇಹವಿದ್ದರೆ ಬಲ್ಲವರನ್ನು ಕರೆಯಿರಿ. ಐದು ಹತ್ತು ಅಡಿಯ ತುಂಡುಗಳನ್ನು ಅಂಗಡಿಯಲ್ಲಿಯೇ ಕೊಳ್ಳುವುದು ಲೇಸು. ಕಾರ್ಖಾನೆಯದು ಅಗ್ಗ ಮತ್ತು ಗಟ್ಟಿ. ಸಿದ್ಧ ಕೇಬಲಿನ ಪ್ಲಗ್ಗು ಸಣ್ಣ ರಂಧ್ರದಲ್ಲಿ ನುಸುಳದಿರುವಾಗ, ಬೇಕಾದ ಅಳತೆ ಸಿಗದಿರುವಾಗ, ಕೊಕ್ಕೆ ಮುರಿದ ಹಳೆಯ ಕೇಬಲನ್ನು ಉಳಿಸಿಕೊಳ್ಳಬೇಕಾದಾಗ ನಮ್ಮ ಕೈಗೆಲಸ ಸಾರ್ಥಕ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹುಡುಗರು ಗಿರಾಕಿ ಕೇಳಿದಷ್ಟು ಉದ್ದದ ಕೇಬಲನ್ನು ಅಳೆದು, ನೋಡುನೋಡುತ್ತಿದ್ದಂತೆ ಎರಡು ತುದಿಗಳನ್ನು ಒತ್ತಿ ಕೊಡುವುದನ್ನು ತಾವು ಕಂಡಿರಬಹುದು. ರಜೆಯಲ್ಲಿ ಹೋದಾಗ ನಾವೂ ಕಂಡಿದ್ದೆವು; ಅದನ್ನು ವಿದ್ಯೆಯೆಂದು ಎಣಿಸಿರಲಿಲ್ಲ. ಅಂಗಳದಲ್ಲಿ ನಿಂತ ಆ ಹಿರಿಯರು ಆರಡಿ ದೂರದಿಂದಲೇ ನಮಗೆ ಪಾಠ ಹೇಳಿದರು. ಮೊದಲ ಪ್ಲಗ್ಗು ಕೆಟ್ಟಿತು, ಎರಡನೆಯದೂ ಕೆಟ್ಟಿತು. “ಅವಸರ ಬೇಡ, ತೀಡಿ ನೇರ ಮಾಡ್ಕೋ” ಎಂದು ಮೂರು ಸಲ ಹೇಳಿದರು. ಹದಿನಾಲ್ಕು ವರ್ಷದ ನಮ್ಮ ಮಗಳು ಪಕ್ಕದಲ್ಲಿ ಕುಳಿತು ಬಣ್ಣಗಳನ್ನು ಕನ್ನಡದಲ್ಲಿ ಓದುತ್ತಿದ್ದಳು. ಕಂದು ಎಂಬ ಪದವನ್ನು ಅವಳು ಕಲಿತದ್ದು ಆ ಸಂಜೆ.

ನಮ್ಮ ಮಕ್ಕಳಿಗೆ ಇಲ್ಲಿ ಗಣಿತದ ಪಾಠವಿದೆ, ಸಂಗೀತದ ಪಾಠವಿದೆ. ಹಿರಿಯರೊಬ್ಬರ ಕೈಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಮಾತ್ರ ಅಪರೂಪ. ಊರಿನಿಂದ ಆರು ತಿಂಗಳಿಗೆಂದು ಬರುವ ತಂದೆತಾಯಿಯರು ದಿನವೆಲ್ಲ ಕಿಟಕಿಯ ಬಳಿ ಕುಳಿತಿರುತ್ತಾರೆ. ಅವರಲ್ಲಿ ಎಷ್ಟು ಜನ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ, ವಿದ್ಯುತ್ ಮಂಡಳಿಯಲ್ಲಿ, ಹೊಲಗಳಲ್ಲಿ ದುಡಿದವರೆಂದು ನಾವು ವಿಚಾರಿಸುವುದಿಲ್ಲ. ಕೂಟದ ಸಮಿತಿಯವರಲ್ಲಿ ನಮ್ಮ ಒಂದು ಬಿನ್ನಹವಿದೆ: ತಿಂಗಳಿಗೊಂದು ಶನಿವಾರ, ಒಂದು ಪೆಟ್ಟಿಗೆ ಕೇಬಲ್, ನಾಲ್ಕು ಇಕ್ಕಳ, ಮಕ್ಕಳು ಮತ್ತು ಅಜ್ಜಂದಿರು. ಪೆಟ್ಟಿಗೆಯ ವೆಚ್ಚ ನಮ್ಮದು.

ಸರಿಪಡಿಸಿದ ಕೇಬಲನ್ನು ಬೇಸ್‌ಮೆಂಟಿಗೆ ಎಳೆದೆವು. ತಂದೆಯವರ ಮೊದಲ ಮಾಸಿಕದ ದಿನ ಮತ್ತೆ ನಡುರಾತ್ರಿ ಕುಳಿತೆವು. ಸಂಕಲ್ಪದಲ್ಲಿ ನಮ್ಮ ದನಿ ಸೇರಿತು. ಅಣ್ಣ ಎತ್ತಿದ ಕೈ ಕೆಳಗಿಳಿಯಿತು, ನೀರು ಬಿಟ್ಟದ್ದು ಕಾಣಿಸಿತು. ಎಲ್ಲ ಮುಗಿದ ಮೇಲೆ ತಾಯಿಯವರು ತೆರೆಯ ಹತ್ತಿರ ಬಂದು ಬಹಳ ಹೊತ್ತು ನೋಡಿ, “ಎಲ್ಲಾರೂ ಬಡವಾಗಿದ್ದೀರಲ್ಲೋ, ಊಟ ಸರಿಯಾಗಿ ಮಾಡ್ತಿಲ್ವಾ?” ಎಂದರು. ಮೊದಲ ಸಲ ತಪ್ಪಿದ್ದು ತಪ್ಪಿಯೇ ಹೋಯಿತು. ಅದನ್ನು ಮತ್ತೆ ಕಟ್ಟಲಾಗದು. ಆದರೆ ಆ ಮಾತು ಒಂದು ಅಕ್ಷರವೂ ಕಡಿಯದೆ ನಮ್ಮನ್ನು ಮುಟ್ಟಿತು.

ಹೊರಗಿನ ಮೇಜಿನ ಮೇಲೆ ಕೇಬಲ್ ತುಂಡುಗಳನ್ನೂ ಪ್ಲಗ್ಗುಗಳನ್ನೂ ಇಟ್ಟಿದ್ದೇವೆ. ಊಟದ ನಂತರ ಬನ್ನಿ, ಕೈ ತೊಳೆದುಕೊಂಡು ಬನ್ನಿ.